ದೀಪ ದೊಡ್ಡದು ಮಾಡು

ನಮ್ಮ ಮನೆಯಲ್ಲಿ ದೀಪವನ್ನು ಯಾರೂ ಆರಿಸುತ್ತಿರಲಿಲ್ಲ, ದೊಡ್ಡದು ಮಾಡುತ್ತಿದ್ದರು.

ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುತ್ತಾರಲ್ಲ, ಇದೂ ಹಾಗೆಯೇ. ದೀಪ ಆರಿತು ಎಂಬ ಮಾತು ಮನೆಯೊಳಗೆ ಬಾಯಿಂದ ಬರಕೂಡದು. ನಾನು ಚಿಕ್ಕವಳಿದ್ದಾಗ ಕರೆಂಟು ಹೋದ ದಿನ ಮಲಗುವ ಹೊತ್ತಿಗೆ ಚಿಗವ್ವ, “ಬನೂ, ದೀಪ ದೊಡ್ಡದ ಮಾಡವಾ” ಅನ್ನುತ್ತಿದ್ದಳು. ನಾನು ಎದ್ದು ಕಂದೀಲಿನ ಬತ್ತಿ ಇಳಿಸಿ ಕತ್ತಲು ಮಾಡಿ ಬರುತ್ತಿದ್ದೆ. ಆಮೇಲೆ ಕಂದೀಲು ಹೋಯಿತು, ಬಲ್ಬೂ ಹೋಗಿ ಗೋಡೆಯೇ ಬೆಳಗುವ ಕಾಲ ಬಂತು. ಅವಳ ಮಾತು ಮಾತ್ರ ಅದೇ ಉಳಿಯಿತು.

ಈ ಮಾತಿನ ಅರ್ಥ ನಮ್ಮ ಕಚೇರಿಯಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ನಿನ್ನ ತಪ್ಪೇನು ಎಂದು ಯಾರಾದರೂ ಕೇಳಿದರೆ ನಾನು ಇಷ್ಟನ್ನೇ ಹೇಳಬೇಕು. ಮಿಕ್ಕದ್ದೆಲ್ಲ ವಿವರಣೆ.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ ಹೊನ್ನವ್ವ. ನನಗೆ ಎರಡು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಚಿಗವ್ವ ಮದುವೆಯ ಮಾತನ್ನೇ ಎತ್ತಗೊಡದೆ ಗುಳೇದಗುಡ್ಡದ ಕುಪ್ಪಸದ ಖಣ ನೇಯ್ದು ನನ್ನನ್ನು ಸಾಕಿದಳು, ಇಂಜಿನಿಯರಿಂಗ್ ಓದಿಸಿದಳು. ಅವಳದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯುವ ಮಗ್ಗ. ಆ ಮಗ್ಗದ ಮೇಲುಗಡೆ ಗೋಡೆಯ ಗೂಡಿನಲ್ಲಿ ಒಂದು ಹಳೆಯ ಬಿಸ್ಕೀಟಿನ ಡಬ್ಬಿ ಇರುತ್ತಿತ್ತು. ಅದಕ್ಕೆ ಅವಳು ‘ಕತ್ತಲಿ ಡಬ್ಬಿ’ ಎಂದು ಹೆಸರಿಟ್ಟಿದ್ದಳು.

ಡಬ್ಬಿಯಲ್ಲಿ ಆರು ಮೇಣಬತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎರಡು ಕಡ್ಡಿಪೆಟ್ಟಿಗೆ, ಹೊಸೆದಿಟ್ಟ ಬತ್ತಿಗಳು, ಒಂದು ಪುಟ್ಟ ಸೀಸೆಯಲ್ಲಿ ಎಣ್ಣೆ, ಮತ್ತೆ ಒಂದು ಬ್ಯಾಟರಿ. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತೇವೆ. ಪ್ರತಿ ಅಮಾವಾಸ್ಯೆಗೆ ಅವಳು ಡಬ್ಬಿ ಇಳಿಸಿ, ಒಂದೊಂದನ್ನೇ ಒರೆಸಿ, ಬ್ಯಾಟರಿ ಹತ್ತಿಸಿ ನೋಡಿ, ಆಮೇಲೆ ಅದರೊಳಗಿನ ಒಂದು ಸೆಲ್ಲನ್ನು ಉಲ್ಟಾ ಹಾಕಿ ಮುಚ್ಚುತ್ತಿದ್ದಳು.

“ಸೆಲ್ ಉಲ್ಟಾ ಯಾಕ ಹಾಕ್ತೀಯ ಚಿಗವ್ವಾ?”

“ಸುಮ್ಮನ ಕುಂತ್ರೂ ಅವು ತಮ್ಮನ್ನ ತಾವ ತಿಂತಾವ. ಹಿಂಗ ತಿರುವಿ ಇಟ್ರ ಎಷ್ಟ ದಿನಾ ಆದ್ರೂ ಜೀವಾ ಹಿಡ್ಕೊಂಡಿರ್ತಾವ. ನೀ ಇಂಜಿನಿಯರ್ ಅದೀ, ನಿನಗ ನಾ ಹೇಳಬೇಕೇನ?”

ಬಿಸಿಲು ಐವತ್ತೊಂದು ಡಿಗ್ರಿ ಮುಟ್ಟಿದ ವರ್ಷ ನಮ್ಮನ್ನೆಲ್ಲ ನೆಲದ ಕೆಳಗೆ ಇಳಿಸಿದರು. ಗುಡ್ಡದ ಬುಡದಲ್ಲಿ ಬಂಡೆ ಕೊರೆದು ಎಂಟುನೂರು ಮನೆ. ಪ್ರತಿ ಓಣಿಗೂ ನಲವತ್ತು ಮೆಟ್ಟಿಲು ಇಳಿಯಬೇಕು. ಸರ್ಕಾರಿ ಕಾಗದದಲ್ಲಿ ಅದರ ಹೆಸರು ನೆಲವಸತಿ. ಜನ ಕರೆದದ್ದು ಹಗೇವು ಎಂದು, ಹಿಂದೆ ಜೋಳ ತುಂಬಿಡುತ್ತಿದ್ದ ನೆಲಗುಂಡಿಯ ಹೆಸರು. “ಇಷ್ಟ ದಿನಾ ಜ್ವಾಳ ಇಳಿಸಿದ್ವಿ, ಈಗ ನಾವ ಇಳದ್ವಿ ನೋಡು” ಎಂದು ಚಿಗವ್ವ ನಕ್ಕಿದ್ದಳು. ನೆಲದ ಕೆಳಗಿನ ಆ ಮನೆಯಲ್ಲೂ ಮತ್ತೊಂದು ಕುಣಿ ತೋಡಿಸಿ ಮಗ್ಗ ಹೂಡಿಸಿಕೊಂಡಳು. ಮಗ್ಗದ ಮೇಲೆ ಗೂಡು ಬೇಕೆಂದು ಹಟ ಹಿಡಿದು ಅದನ್ನೂ ಮಾಡಿಸಿದಳು, ಡಬ್ಬಿ ಇಡಲಿಕ್ಕೆ.

ನೆಲದ ಕೆಳಗೆ ಹಗಲಿಲ್ಲ. ಬೆಳಕು ಕೊಡುವುದು ನಮ್ಮ ಮಂಡಳಿಯ ಕೆಲಸ. ನಾನು ಅಲ್ಲೇ ಇಂಜಿನಿಯರು. ನಾವು ಗೋಡೆಗೆ ಒಂದು ಖನಿಜದ ಲೇಪ ಬಳಿದೆವು. ಕರೆಂಟು ಇರುವಾಗ ಅದು ಬೆಳಗುತ್ತದೆ, ಜೊತೆಗೆ ಒಂದಿಷ್ಟು ಶಕ್ತಿಯನ್ನು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಕರೆಂಟು ಹೋದರೆ ಕೂಡಿಟ್ಟ ಶಕ್ತಿಯಿಂದ ಮಂದವಾಗಿ ಹದಿನಾಲ್ಕು ತಾಸು ಬೆಳಗಬಲ್ಲದು. ಪೂರ್ತಿ ಬೆಳಕು ಬೇಕೆಂದರೆ ಮುಕ್ಕಾಲು ತಾಸಿಗೆ ಎಲ್ಲ ಖಾಲಿ. ಗೋಡೆಯ ಗುಂಡಿಗಳೂ, ಮನೆಮನೆಗೆ ಮಾತು ಮುಟ್ಟಿಸುವ ಗೋಡೆಫೋನೂ ಕರೆಂಟಿನ ಮೇಲೆಯೇ ನಡೆಯುತ್ತಿದ್ದವು. ಅದು ಹೋದಾಗ ಮಾತ್ರ, ಗುಂಡಿಗಳು ಮತ್ತೆ ನಡೆಯುವ ತನಕ, ಗೋಡೆಗೆ ಒಂದು ಸಣ್ಣ ಕಿವಿ ತೆರೆಯುತ್ತದೆ. ಬಾಯಲ್ಲಿ ಹೇಳಿದರೆ ಕೇಳುತ್ತದೆ. ಮುದುಕರ ಕ್ಷೀಣ ದನಿಯೂ ಕೇಳಲಿ ಎಂದು ಅದನ್ನು ಬಹಳ ಚುರುಕು ಮಾಡಿದ್ದೆವು. ಆದರೆ ಶಕ್ತಿ ಉಳಿಸಬೇಕಲ್ಲ, ಅದರ ತಲೆಗೆ ಆರೇ ಮಾತು ತುಂಬಲು ಜಾಗವಿತ್ತು. ಪೂರ್ತಿ ಬೆಳಕಿಗೆ ಎರಡು, ಮಂದ ಬೆಳಕಿಗೆ ಎರಡು, ಆರಿಸಲು ಎರಡು.

ಆ ಆರು ಮಾತು ಆಯ್ಕೆ ಮಾಡುವ ಸಭೆಯಲ್ಲಿ ನಾನಿದ್ದೆ. ಆಫ್, ಬಂದ್ ಯಾವುದೂ ಬೇಡ, ಅಚ್ಚ ಕನ್ನಡವೇ ಇರಲಿ ಎಂದು ಮೇಲಿನವರ ಆಜ್ಞೆ. ನನ್ನ ಕೆಳಗೆ ಕೆಲಸ ಮಾಡುವ ಅನೂಪ್ ಮೈಸೂರಿನವನು, ಬುದ್ಧಿವಂತ. ಹಲಗೆಯ ಮೇಲೆ ಬರೆದ: ‘ಹೆಚ್ಚಿಸು, ದೊಡ್ಡದು. ಕಡಿಮೆ, ಸಣ್ಣದು. ಆರಿಸು, ನಂದಿಸು.’

“ಮೇಡಂ, ನೀವು ಇಲ್ಲಿಯವರು. ಮನೇಲಿ ಹಿರಿಯರು ಬೇರೆ ಏನಾದ್ರೂ ಹೇಳ್ತಾರಾ? ಒಂದ್ಸಲ ನೋಡ್ಬಿಡಿ.”

ನೋಡಿದೆ. ‘ದೊಡ್ಡದು’ ಎಂಬ ಮಾತು ತಪ್ಪು ಜಾಗದಲ್ಲಿ ಕೂತಿರುವುದು ಕಂಡಿತು. ಬಾಯಿ ತೆರೆಯಬೇಕೆಂದಿದ್ದೆ. ಆಗ ನನಗೆ ಹಾಸ್ಟೆಲ್ಲು ನೆನಪಾಯಿತು. ಮೊದಲ ವರ್ಷದ ಮೊದಲ ವಾರ ಜೊತೆಯ ಹುಡುಗಿಗೆ “ದೀಪ ದೊಡ್ಡದ ಮಾಡವಾ, ನಿದ್ದಿ ಬರ್ತೈತಿ” ಅಂದಿದ್ದೆ. ಅವಳು ಬಿದ್ದು ಬಿದ್ದು ನಕ್ಕು ಇಡೀ ಹಾಸ್ಟೆಲ್ಲಿಗೆ ಸಾರಿದಳು. ನಾಲ್ಕು ವರ್ಷ ನನ್ನ ಹೆಸರು ‘ದೊಡ್ಡದೀಪ’ ಎಂದೇ ಆಯಿತು. ಹೇಳಿದ್ದರೆ ಅನೂಪನೂ ನಗುತ್ತಿದ್ದನೋ ಏನೋ. ನಗದಿದ್ದರೂ ಪರೀಕ್ಷೆಯೆಲ್ಲ ಮತ್ತೊಮ್ಮೆ ಮಾಡಿ ಎರಡು ತಿಂಗಳು ತಡವಾಗುತ್ತಿತ್ತು. ಇಂಥ ಮಾತನ್ನು ಈಗ ಯಾರಾಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಬೆಳಿಗ್ಗೆಯಷ್ಟೇ ಚಿಗವ್ವನ ಬಾಯಲ್ಲಿ ಅದೇ ಮಾತು ಕೇಳಿ ಬಂದವಳು ನಾನು!

“ಏನಿಲ್ಲ, ಸರಿ ಇದೆ” ಅಂದೆ.

ಅದಾದ ಮೇಲೆ ಬಂದದ್ದು ದೀಪ ಒಪ್ಪಿಸುವ ಕಾರ್ಯಕ್ರಮ. ನೆಲದ ಕೆಳಗೆ ಗಾಳಿಯ ಕೊಳವೆ ಎಲ್ಲರಿಗೂ ಒಂದೇ, ಬೆಂಕಿ ಹೊಗೆ ಆಗಬಾರದು. ಆದ್ದರಿಂದ ಮೇಣಬತ್ತಿ, ಕಂದೀಲು, ಎಣ್ಣೆಬತ್ತಿ ಎಲ್ಲ ಮಂಡಳಿಗೆ ಒಪ್ಪಿಸಬೇಕು ಎಂದು ನಿಯಮ. ಜನ ಅನುಮಾನದಿಂದ ಹಿಂದೆಮುಂದೆ ನೋಡುತ್ತಿದ್ದರು. ಇಂಜಿನಿಯರಮ್ಮನ ಮನೆಯಿಂದಲೇ ಶುರುವಾದರೆ ನಂಬುತ್ತಾರೆ ಎಂದು ನನಗೇ ಹೊಳೆಯಿತು.

“ಮ್ಯಾಣಬತ್ತಿ ಒಯ್ಯಿ, ಎಣ್ಣೀನೂ ಒಯ್ಯಿ. ಬ್ಯಾಟ್ರಿ ಯಾಕ?” ಎಂದಳು ಚಿಗವ್ವ. “ಅದರಾಗ ಬೆಂಕಿ ಐತೇನು?”

ನಿಜ. ಬ್ಯಾಟರಿ ಇಟ್ಟುಕೊಳ್ಳಲು ನಿಯಮದಲ್ಲಿ ಅಡ್ಡಿಯಿರಲಿಲ್ಲ. ಆದರೆ ಪೇಪರಿನವರು ಫೋಟೋ ತೆಗೆಯಲು ಬರುವವರಿದ್ದರು. ಡಬ್ಬಿಗೆ ಡಬ್ಬಿಯೇ ಕೊಟ್ಟರೆ ಚಂದ ಕಾಣುತ್ತದೆ ಅನ್ನಿಸಿತು ನನಗೆ.

“ಗೋಡಿನ ಬೆಳಕ ಕೊಡೂವಾಗ ಅದೆಲ್ಲ ಯಾಕ ಚಿಗವ್ವಾ? ನನ್ನ ಮ್ಯಾಲೆ ನಂಬಿಕಿ ಇಲ್ಲೇನು?”

“ಗೋಡಿ ಮ್ಯಾಲೆ ಇಲ್ಲವಾ. ನಿನ್ನ ಮ್ಯಾಲೆ ಐತಿ. ತಗೋ” ಎಂದು ಸ್ಟೂಲು ಹತ್ತಿ ಡಬ್ಬಿ ಇಳಿಸಿಕೊಟ್ಟಳು. ಆ ಡಬ್ಬಿಯನ್ನು ನಮ್ಮ ನಿಯಂತ್ರಣ ಕೋಣೆಯ ಗಾಜಿನ ಕಪಾಟಿನಲ್ಲಿ ಇಟ್ಟರು, ಕೆಳಗೆ ‘ಕೊನೆಯ ಕತ್ತಲು’ ಎಂದು ಚೀಟಿ ಅಂಟಿಸಿ. ಬಂದ ಅತಿಥಿಗಳಿಗೆಲ್ಲ ನಾನೇ ತೋರಿಸುತ್ತಿದ್ದೆ.

ಎಂಟು ತಿಂಗಳು ಏನೂ ಆಗಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಚಿಗವ್ವ ಕುಣಿಯಲ್ಲಿ ಕಾಲಿಟ್ಟು ಕೂತು ಮಗ್ಗಕ್ಕೆ ಏರಿಸಿದ ಹೊಸ ಹಾಸಿನ ಉದ್ದೆಳೆಗಳನ್ನು ಸರಿಮಾಡುತ್ತಿದ್ದಳು. ಅವಸರದಲ್ಲಿ “ಹೋಗ್ತೀನಿ” ಅಂದುಬಿಟ್ಟೆ. “ಬರ್ತೀನಿ ಅನ್ನ!” ಎಂದು ಒಳಗಿನಿಂದಲೇ ಗದರಿದಳು. “ಬರ್ತೀನಿ, ಬರ್ತೀನಿ ಮಹಾತಾಯೀ” ಎಂದು ನಗುತ್ತ ಮೆಟ್ಟಿಲು ಹತ್ತಿದೆ.

ಹನ್ನೊಂದು ಗಂಟೆಗೆ ಮೇಲಿನ ಮುಖ್ಯ ಕೇಬಲ್ಲು ಬಿಸಿಲಿಗೆ ಸುಟ್ಟು ಹೋಯಿತು. ಎಂಟುನೂರು ಮನೆಗೂ ಕರೆಂಟು ನಿಂತಿತು. ಯಾರೂ ಗಾಬರಿಯಾಗಲಿಲ್ಲ, ಇಂಥದಕ್ಕೆಂದೇ ಗೋಡೆ ಕಟ್ಟಿದ್ದು. ದುರಸ್ತಿಗೆ ನಾಲ್ಕೈದು ತಾಸು, ಗೋಡೆಯಲ್ಲಿ ಹದಿನಾಲ್ಕು ತಾಸಿನ ಬೆಳಕು. ಮನೆಗಳಿಂದ ನಮಗೆ ಒಂದು ಸಣ್ಣ ತಂತಿಯ ಮೂಲಕ ಸುದ್ದಿ ಬರುತ್ತಿತ್ತು: ಎಷ್ಟು ಶಕ್ತಿ ಉಳಿದಿದೆ, ಯಾವ ಮಾತು ಕೇಳಿತು ಎಂದು. ನಾವು ತಿರುಗಿ ಏನಾದರೂ ಹೇಳಬೇಕೆಂದರೆ ಮಾತ್ರ ದಾರಿಯಿರಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಅನೂಪ್ ಕರೆದ. “ಮೇಡಂ, ಇದೇನು ನೋಡಿ. ಕೆಲವು ಮನೆಯವರು ಪೂರ್ತಿ ಬೆಳಕು ಹಾಕ್ಕೊಂಡಿದ್ದಾರೆ. ಮತ್ತೆ ಮತ್ತೆ ಅದನ್ನೇ ಹೇಳ್ತಾ ಇದ್ದಾರೆ.”

ಪರದೆಯ ಮೇಲೆ ನೂರಿಪ್ಪತ್ತರ ಹತ್ತಿರ ಮನೆಗಳು ಕೆಂಪಾಗಿದ್ದವು. ಶಕ್ತಿ ನೀರಿನ ಹಾಗೆ ಸೋರಿ ಹೋಗುತ್ತಿತ್ತು. ನಮ್ಮ ಹಿರಿಯ ಅಧಿಕಾರಿ ಇನಾಮದಾರ ಸರ್ ಬಂದು ಕನ್ನಡಕ ಮೇಲೆ ಸರಿಸಿ ನೋಡಿದರು. “ಮಂದಿಗೆ ಬುದ್ಧಿ ಇಲ್ಲೇನ್ರಿ? ಹಗಲಿನ್ಯಾಗ ಇಷ್ಟ ಯಾಕ ಹೆಚ್ಚಿಸ್ಕೊಳ್ಳಾಕತ್ತಾರ? ಹೆದರಿದ್ರೇನು?”

ಮನೆಗಳ ಪಟ್ಟಿ ಓದಿದೆ. ಎಲ್ಲ ವಯಸ್ಸಾದವರ ಮನೆ. ನೇಕಾರರ ಓಣಿಯಲ್ಲಿ ಹೆಚ್ಚು. ನಲವತ್ತೇಳನೆಯ ನಂಬರು ನಮ್ಮದು. ಕೇಳಿದ ಮಾತು: ದೊಡ್ಡದು. ದೊಡ್ಡದು. ದೊಡ್ಡದು. ಹದಿನೇಳು ಸಲ.

ಕರೆಂಟು ಹೋದಾಗ ಆ ಕಾಲದವರು ಮೊದಲು ಮಾಡುವ ಕೆಲಸವೇ ಅದು, ಕೂಡಿಟ್ಟ ಬೆಳಕನ್ನು ಉಳಿಸುವುದು. ಬೇಕಾದಾಗ ಹಚ್ಚಿದರಾಯಿತು, ಸುಮ್ಮನೆ ಯಾಕೆ ಉರಿಸಬೇಕು ಎಂಬ ಲೆಕ್ಕ.

“ಸರ್, ಅವರು ಹೆಚ್ಚಿಸ್ತಿಲ್ಲ” ಅಂದೆ. “ಆರಿಸ್ತಿದ್ದಾರೆ.”

ನಾನು ಎಲ್ಲವನ್ನೂ ಹೇಳಿದೆ, ಅಂದು ಹಲಗೆಯ ಮುಂದೆ ನನಗೆ ಗೊತ್ತಿದ್ದೂ ಸುಮ್ಮನಿದ್ದದ್ದನ್ನೂ. ಅನೂಪ್ ನಗಲಿಲ್ಲ. “ಅಯ್ಯೋ, ಹೇಳ್ಬಾರ್ದಿತ್ತಾ ಮೇಡಂ? ಒಂದು ಗಂಟೆ ಕೆಲಸ. ಆ ಮಾತನ್ನ ತೆಗೆದು ಬೇರೆ ಹಾಕ್ತಿದ್ವಿ” ಎಂದ. ಮತ್ತೆ ಪರೀಕ್ಷೆ, ಎರಡು ತಿಂಗಳು ತಡ ಎಂದೆಲ್ಲ ನಾನು ಹೇಳಿಕೊಂಡಿದ್ದು ನನ್ನ ಸಮಾಧಾನಕ್ಕೆ ಮಾತ್ರ. ನಾವು ಮಾತಾಡುತ್ತಿರುವಾಗಲೇ ಪರದೆಯ ಮೇಲೆ ಮನೆಗಳು ಒಂದೊಂದಾಗಿ ಕಪ್ಪಾಗತೊಡಗಿದವು. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ನಲವತ್ತೇಳು ಕಪ್ಪಾಯಿತು.

ನೆಲದ ಮೇಲೆ ಆ ಹೊತ್ತಿನ ಬಿಸಿಲಿನಲ್ಲಿ ಯಾರೂ ಓಡಾಡುವಂತಿಲ್ಲ. ದುರಸ್ತಿಯವರಿಗೆಂದು ಇಟ್ಟ ತಂಪು ಅಂಗಿ ಒಂದೇ ಒಂದು ಉಳಿದಿತ್ತು. ಇನಾಮದಾರ ಸರ್ ಬೇಡ ಅನ್ನಲಿಲ್ಲ. ಹೊರಡುವಾಗ ಗಾಜಿನ ಕಪಾಟು ಕಣ್ಣಿಗೆ ಬಿತ್ತು. ಬೀಗದ ಕೈ ಹುಡುಕುವ ತಾಳ್ಮೆ ಇರಲಿಲ್ಲ, ಗಾಜು ಒಡೆದು ಡಬ್ಬಿ ತೆಗೆದುಕೊಂಡೆ. ಮನೆಗೆ ಎರಡೂವರೆ ಮೈಲಿ. ಆ ಅಂಗಿ ಹಾಕಿಕೊಂಡು ಓಡಲು ಆಗುವುದಿಲ್ಲ, ಓಡಿದರೆ ಎದೆ ಒಡೆಯುತ್ತದೆ. ನಡೆದೆ. ದಾರಿಯುದ್ದಕ್ಕೂ ಡಬ್ಬಿಯೊಳಗೆ ಸೀಸೆ ಬ್ಯಾಟರಿಗೆ ತಾಗಿ ಸದ್ದು ಮಾಡುತ್ತಿತ್ತು. ಚಿಗವ್ವ ಜಾಣೆ, ಕೂತಿರುತ್ತಾಳೆ, ಕೂತಿರುತ್ತಾಳೆ ಎಂದು ಹೆಜ್ಜೆಗೊಂದು ಸಲ ಅಂದುಕೊಳ್ಳುತ್ತಿದ್ದೆ.

ನಮ್ಮ ಓಣಿಯ ಮೆಟ್ಟಿಲ ಬಾಯಿ ಕಪ್ಪಗಿತ್ತು. ಬ್ಯಾಟರಿ ತೆಗೆದು ಗುಂಡಿ ಒತ್ತಿದೆ. ಹತ್ತಲಿಲ್ಲ. ಸತ್ತಿದೆ ಎಂದುಕೊಂಡೆ. ಆಮೇಲೆ ನೆನಪಾಗಿ ಮುಚ್ಚಳ ಬಿಚ್ಚಿ ಉಲ್ಟಾ ಇದ್ದ ಸೆಲ್ಲನ್ನು ತಿರುಗಿಸಿ ಹಾಕಿದೆ. ಎಂಟು ತಿಂಗಳು ಕಪಾಟಿನಲ್ಲಿ ಬಿದ್ದಿದ್ದರೂ ಬ್ಯಾಟರಿ ಫಕ್ಕನೆ ಹತ್ತಿಕೊಂಡಿತು. ನನಗೆ ಅಲ್ಲೇ ಅಳು ಬಂತು.

ಕೆಳಗೆ ಬಾಗಿಲಲ್ಲಿ ಪಕ್ಕದ ಮನೆಯ ದಾವಲಬಿ ಗೋಡೆ ಹಿಡಿದುಕೊಂಡು ನಿಂತಿದ್ದಳು. ಬೆಳಕು ಕಂಡದ್ದೇ ನನ್ನ ತೋಳು ಹಿಡಿದಳು.

“ಬನಕ್ಕಾ, ಹೊನ್ನವ್ವಕ್ಕ ಮಾತಾಡವಲ್ರು. ಗೋಡಿಗೆ ಎಷ್ಟ ಹೇಳಿದ್ರೂ ಕೇಳವಲ್ದು ಅಂತ ಬೈಯಾಕತ್ತಿದ್ರು. ಆಮ್ಯಾಲೆ ನಿಮ್ಮನಿ ಕತ್ತಲಾತು, ನಮ್ಮನೀನೂ ಆತು. ನಾ ಹೆದರಿ ಚೀರಿದೆ. ‘ತಡೀ ದಾವಲಬಿ, ಅಳಬ್ಯಾಡ, ನಮ್ಮ ಡಬ್ಬಿ ಐತಿ, ಬೆಳಕ ತರ್ತೀನಿ’ ಅಂದ್ರು. ಆಮ್ಯಾಲೆ ಏನೋ ಬಿದ್ದ ಸಪ್ಪಳಾತು.”

ಬೇರೆ ನೂರಿಪ್ಪತ್ತು ಮನೆಗಳಲ್ಲಿ ಜನ ಕತ್ತಲಲ್ಲಿ ಕೈಕಟ್ಟಿ ಕೂತಿದ್ದರು, ಅವರಿಗೆ ಏನೂ ಆಗಲಿಲ್ಲ. ನನ್ನ ಚಿಗವ್ವ ಹಾಗೆ ಕೂರುವವಳಲ್ಲ. ಬೆಳಕು ಎಲ್ಲಿಟ್ಟಿದೆ ಎಂದು ಅವಳಿಗೆ ಗೊತ್ತಿತ್ತು.

ಸ್ಟೂಲು ಮಗುಚಿ ಬಿದ್ದಿತ್ತು. ಚಿಗವ್ವ ಮಗ್ಗದ ಕುಣಿಯಲ್ಲಿದ್ದಳು. ಹೊಸ ಹಾಸಿನ ಎಳೆಗಳನ್ನೆಲ್ಲ ಹರಿದುಕೊಂಡು ಬಿದ್ದಿದ್ದಳು. ತಲೆ ತುಳಿಹಲಗೆಗೆ ಬಡಿದು ಕಿವಿಯ ಹಿಂದೆ ಒದ್ದೆಯಾಗಿತ್ತು. ನಾನು ಕುಣಿಗೆ ಇಳಿದು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಉಸಿರಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು.

“ಬನೂ? ಬಂದ್ಯಾ?”

“ಬಂದೆ ಚಿಗವ್ವಾ. ಬರ್ತೀನಿ ಅಂದಿದ್ದೆ ಅಲ್ಲ.”

“ಡಬ್ಬಿ ಕೊಟ್ಟೇನಿ ಅನ್ನೂದು ಮರ್ತ ಹೋಗಿತ್ತು ನೋಡು” ಎಂದಳು, ತಪ್ಪು ತನ್ನದೇ ಎಂಬಂತೆ. “ಕತ್ತಲಿ ಆದ ಕೂಡಲೆ ಕೈ ಅಲ್ಲಿಗೇ ಹೋತು.”

“ತಪ್ಪು ನಂದು ಚಿಗವ್ವಾ. ನಿನ್ನ ಮಾತು ಗೋಡಿಗೆ ನಾ ಹೇಳಿಕೊಡ್ಲಿಲ್ಲ. ಗೊತ್ತಿತ್ತು, ಹೇಳಿಕೊಡ್ಲಿಲ್ಲ.”

ಅವಳಿಗೆ ಅದು ಅರ್ಥವಾಯಿತೋ ಇಲ್ಲವೋ. ನನ್ನ ಕೈಯಲ್ಲಿದ್ದ ಬ್ಯಾಟರಿ ಮುಟ್ಟಿ ನೋಡಿದಳು. “ಹತ್ತೇತಲ್ಲ” ಎಂದಳು. ಮುಖದಲ್ಲಿ ಒಂಚೂರು ನಗು ಬಂತು.

ಅಂದುಕೊಂಡದ್ದಕ್ಕಿಂತ ಬೇಗನೇ ಕೇಬಲ್ಲು ಸರಿಯಾಗಿರಬೇಕು, ಅಷ್ಟರಲ್ಲಿ ಗೋಡೆಗೆ ಕರೆಂಟು ಬಂತು. ಅದು ಕೊನೆಯದಾಗಿ ಕೇಳಿದ ಮಾತನ್ನೇ ನೆನಪಿಟ್ಟುಕೊಂಡಿತ್ತು. ನಾಲ್ಕೂ ಗೋಡೆಯಿಂದ ಪೂರ್ತಿ ಬೆಳಕು ಒಮ್ಮೆಲೇ ಕಣ್ಣಿಗೆ ಹೊಡೆಯಿತು. ಚಿಗವ್ವ ನರಳಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಗುಂಡಿಗಳೂ ಗೋಡೆಫೋನೂ ಎಚ್ಚರವಾಗಲು ಇನ್ನೂ ಅರ್ಧ ತಾಸು ಬೇಕು, ಹಾಗೆ ಕಟ್ಟಿದವರೂ ನಾವೇ. ದಾವಲಬಿ ಡಾಕ್ಟರನ್ನು ಕರೆಯಲು ಓಣಿಯ ಆ ತುದಿಗೆ ಓಡಿದಳು.

“ಕಡಿಮೆ” ಅಂದೆ ಗೋಡೆಗೆ. ಬೆಳಕು ಮಂದವಾಯಿತು.

ಚಿಗವ್ವ ಕಣ್ಣು ಮುಚ್ಚಿಕೊಂಡೇ ತುಟಿ ಅಲ್ಲಾಡಿಸಿದಳು. “ತಲಿ ಸಿಡ್ಯಾಕತ್ತೈತಿ. ದೀಪ ದೊಡ್ಡದ ಮಾಡವಾ.”

ಅಷ್ಟು ಸಣ್ಣ ದನಿ, ನನಗೇ ಸರಿಯಾಗಿ ಕೇಳಿಸಿರಲಿಲ್ಲ. ಗೋಡೆಗೆ ಕೇಳಿಸಿತು. ಮತ್ತೆ ಪೂರ್ತಿ ಬೆಳಕು ಸುರಿಯಿತು. ಅವಳು ನೋವಿನಿಂದ ಮುಖ ಹಿಂಡಿದಳು. ಮತ್ತೆ ಕಡಿಮೆ ಮಾಡಿಸಿದೆ. ಮತ್ತೆ ಅವಳು ಅದನ್ನೇ ಕೇಳಿದಳು, ಮತ್ತೆ ಗೋಡೆ ಉರಿಯಿತು.

ಅದನ್ನು ನಿಲ್ಲಿಸಲು ನನ್ನ ಬಳಿ ಎರಡೇ ಮಾತಿದ್ದವು, ಎರಡೂ ನಾನೇ ಒಪ್ಪಿದ ಮಾತು. ಮೂವತ್ತೆಂಟು ವರ್ಷ ನಮ್ಮ ಮನೆಯಲ್ಲಿ ಯಾರೂ ಆಡದ ಮಾತು. ಅವಳ ತಲೆ ನನ್ನ ತೊಡೆಯ ಮೇಲಿರುವಾಗ ಅದನ್ನು ಹೇಗೆ ಆಡಲಿ? ಆದರೆ ಅವಳ ಮುಖ ನೋಡಲಾಗಲಿಲ್ಲ.

“ಆರಿಸು” ಅಂದೆ.

ಗೋಡೆ ಕಪ್ಪಾಯಿತು. ಕುಣಿಯ ಅಂಚಿನಲ್ಲಿಟ್ಟ ಬ್ಯಾಟರಿಯ ಬೆಳಕು ಮಾತ್ರ ಸೂರಿನ ಮೇಲೆ ಬಿದ್ದಿತ್ತು. ಚಿಗವ್ವನ ಕೈ ಕತ್ತಲಲ್ಲಿ ನನ್ನ ಬಾಯಿ ಹುಡುಕಿ, ತುಟಿಯ ಮೇಲೆ ಎರಡು ಬೆರಳು ಇಟ್ಟಿತು, ನಾನು ಸಣ್ಣವಳಿದ್ದಾಗ ಕೆಟ್ಟ ಮಾತಾಡಿದರೆ ಇಡುತ್ತಿದ್ದ ಹಾಗೆ.

“ಹಂಗ ಅನಬಾರದವಾ, ಬನೂ.”

“ಇಲ್ಲ ಚಿಗವ್ವಾ, ಅನ್ನೂದಿಲ್ಲ.”

ಬೆರಳುಗಳು ಜಾರಿ ನನ್ನ ಎದೆಯ ಮೇಲೆ ಬಿದ್ದವು. ಅವಳು ಮತ್ತೇನೂ ಹೇಳಲಿಲ್ಲ. ಸಿಟ್ಟಾದಳೇನೋ, ಹಾಗೇ ಮಲಗಿದಳೇನೋ ಅನ್ನಿಸಿತು. ಅವಳಿಗೆ ಸಮಾಧಾನವಾಗಲಿ ಎಂದು ಕಿವಿಯ ಹತ್ತಿರ ಬಾಗಿ, ನಮ್ಮ ಮನೆಯಲ್ಲಿ ಹೇಳಬೇಕಾದ ಹಾಗೆಯೇ ಹೇಳಿದೆ.

“ದೀಪ ದೊಡ್ಡದ ಮಾಡೇನಿ ಚಿಗವ್ವಾ. ಮಲಕ್ಕೊ.”

ಗೋಡೆ ಅದನ್ನು ಕೇಳಿಸಿಕೊಂಡಿತು. ನಾಲ್ಕೂ ಕಡೆಯಿಂದ ಪೂರ್ತಿ ಬೆಳಕು ಅವಳ ಮುಖದ ಮೇಲೆ ಬಿತ್ತು. ಈ ಸಲ ಚಿಗವ್ವ ತೆರೆದ ಕಣ್ಣು ಮುಚ್ಚಿಕೊಳ್ಳಲಿಲ್ಲ.